ಜೋಡಿ ಕಾರ್ಬುರೇಟರಿನ ಎಂಜಿನ್ನು ಮತ್ತು ಅದರ ಕುಂಟು ಓಟ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಿನ್ನೆಲೆಯಲ್ಲಿ ಒಂದು ಐತಿಹಾಸಿಕ ವಿಚಾರ

೧

ಮೋಟಾರು ವಾಹನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ವೇಗವನ್ನೂ ಬಲವನ್ನೂ ಕುರಿತು ಬರೆದಿದ್ದಾರೆ. ವಾಹನವು ನಿಂತಲ್ಲಿಯೇ ನಿಂತು, ಎಂಜಿನ್ನು ಮಾತ್ರ ಮೆಲ್ಲಗೆ ತಿರುಗುತ್ತಿರುವ ಸ್ಥಿತಿಯನ್ನು ಚರಿತ್ರೆಗೆ ಯೋಗ್ಯವಾದ ವಿಷಯವೆಂದು ಎಣಿಸಿದವರು ವಿರಳ. ಆದರೆ ಹಳೆಯ ವಾಹನವೊಂದರ ಆರೋಗ್ಯ ಅನಾರೋಗ್ಯಗಳು ಮೊದಲು ಪ್ರಕಟವಾಗುವುದು ಈ ಸ್ಥಿತಿಯಲ್ಲಿಯೇ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಇದಕ್ಕೆ ‘ಸ್ಲೋ’ ಅಥವಾ ‘ಐಡ್ಲಿಂಗ್’ ಎಂದು ಹೆಸರು. ಪ್ರಕೃತ ಲೇಖನದಲ್ಲಿ ಇದನ್ನು ನಿಂತ ಓಟವೆಂದೂ, ಅದು ಸಮವಾಗಿಲ್ಲದೆ ಎಂಜಿನ್ನು ನಡುಗುತ್ತ ತಪ್ಪುತ್ತ ತಿರುಗುವುದನ್ನು ಕುಂಟು ಓಟವೆಂದೂ ಕರೆಯುತ್ತೇವೆ.

ಎರಡು ಕಾರ್ಬುರೇಟರುಗಳುಳ್ಳ ಹಳೆಯ ಕಾರುಗಳಲ್ಲಿ ಈ ಕುಂಟು ಓಟವು ಪ್ರಸಿದ್ಧವಾದ ವ್ಯಾಧಿ. ಕಾರ್ಬುರೇಟರು ಎರಡಿರುವುದರಿಂದ ದೋಷವೂ ಅವುಗಳಲ್ಲಿಯೇ ಇರಬೇಕೆಂದು ಭಾವಿಸಿ, ಎಂಜಿನ್ನಿನ ಮುಚ್ಚಳ ತೆಗೆದೊಡನೆ ಅವುಗಳ ತಿರುಪುಗಳನ್ನು ತಿರುಗಿಸುವ ವಾಡಿಕೆಯೂ ಅಷ್ಟೇ ಪ್ರಸಿದ್ಧವಾಗಿದೆ. ಈ ವಾಡಿಕೆ ತಪ್ಪೆಂದೂ, ಪರೀಕ್ಷೆಗೆ ಒಂದು ನಿಶ್ಚಿತವಾದ ಕ್ರಮವಿದೆಯೆಂದೂ, ಆ ಕ್ರಮವು ಇಂದಿಗೂ ಸಲ್ಲುವುದಾದರೂ ಹಳೆಯ ಕೈಪಿಡಿಗಳು ಹೇಳುವ ಅಳತೆಗಳು ಆಯಾ ಕಾಲದ ಇಂಧನಕ್ಕೆ ಸಂಬಂಧಪಟ್ಟವುಗಳೆಂದೂ ತೋರಿಸುವುದು ನಮ್ಮ ಉದ್ದೇಶ.

ಇದಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನು ನಾವು ಆರಿಸಿಕೊಂಡುದಕ್ಕೆ ಕಾರಣವಿದೆ. ಎರೆಮಣ್ಣಿನ ಧೂಳು, ನಲವತ್ತು ಡಿಗ್ರಿಯನ್ನು ಮೀರುವ ಬೇಸಗೆಯ ಬಿಸಿಲು, ಭೀಮಾ ಮತ್ತು ಅಮರ್ಜಾ ನದಿಗಳ ನೀರನ್ನು ನಂಬಿದ ಕಬ್ಬು ಈ ಮೂರೂ ಇಲ್ಲಿ ಕೂಡಿವೆ. ಕಾರ್ಬುರೇಟರಿಗೂ ಕಬ್ಬಿಗೂ ಏನು ಸಂಬಂಧವೆಂಬುದು ಮುಂದೆ ವಿಶದವಾಗುವುದು.

೨

ಮೊದಲು ಈ ಸೀಮೆಗೆ ಮೋಟಾರು ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. ೧೯೪೮ರವರೆಗೆ ಇದು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆಳಂದವು ಪಾಯಗಾ ಮನೆತನದ ಜಾಗೀರಿನ ತಾಲ್ಲೂಕು. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುದಾರಿ ಕಲಬುರಗಿಯನ್ನು ಹಾದುಹೋದರೂ ಈ ಮೂರು ತಾಲ್ಲೂಕು ಕೇಂದ್ರಗಳು ಆ ದಾರಿಯಿಂದ ದೂರವೇ ಉಳಿದವು. ಆಳಂದ ಕಲಬುರಗಿಯ ವಾಯವ್ಯಕ್ಕೆ, ಅಫಜಲಪುರ ಪಶ್ಚಿಮಕ್ಕೆ, ಜೇವರ್ಗಿ ಭೀಮೆಯನ್ನು ದಾಟಿ ದಕ್ಷಿಣಕ್ಕೆ. ಆದುದರಿಂದ ಇಲ್ಲಿಯ ಸಂಚಾರಕ್ಕೆ ರಸ್ತೆಯೇ ಆಧಾರವಾಯಿತು. ೧೯೩೨ರ ಜೂನ್ ತಿಂಗಳಲ್ಲಿ ನಿಜಾಮರ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆಯು ೨೭ ಬಸ್ಸುಗಳಿಂದಲೂ ೧೬೬ ಜನ ನೌಕರರಿಂದಲೂ ಆರಂಭವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ದೇಶದ ಅನೇಕ ಕಡೆಗಳಲ್ಲಿ ಇದ್ದಿಲ ಗ್ಯಾಸಿನಿಂದ ಬಸ್ಸು ಓಡಿಸಬೇಕಾಯಿತು. ಇಂಧನ ಬದಲಾದರೆ ಎಂಜಿನ್ನಿನ ಹೊಂದಾಣಿಕೆಯನ್ನೂ ಬದಲಾಯಿಸಬೇಕೆಂಬ ಪಾಠವನ್ನು ಆ ಕಾಲದ ಮೆಕ್ಯಾನಿಕ್ಕುಗಳು ಹೀಗೆ ಅನಿವಾರ್ಯವಾಗಿ ಕಲಿತರು. ೧೯೫೬ರ ನವೆಂಬರ್ ೧ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು.

ಇದೇ ವರ್ಷಗಳಲ್ಲಿ ದೇಶದ ಕಾರು ಉದ್ಯಮವೂ ಬದಲಾಯಿತು. ವಾಹನಗಳನ್ನು ಇಲ್ಲಿಯೇ ತಯಾರಿಸುವ ಯೋಜನೆಯುಳ್ಳ ಕಂಪನಿಗಳಿಗೆ ಮಾತ್ರ ಅವಕಾಶವೆಂಬ ನೀತಿ ೧೯೫೩ರಲ್ಲಿ ಬಂದ ಮೇಲೆ, ಬಿಡಿಭಾಗಗಳನ್ನು ತರಿಸಿ ಜೋಡಿಸುತ್ತಿದ್ದ ವಿದೇಶೀ ಕಂಪನಿಗಳು ಹಿಂದೆ ಸರಿದವು. ಹೊರದೇಶದ ಜೋಡಿ ಕಾರ್ಬುರೇಟರಿನ ಕಾರುಗಳು ಅಪರೂಪವಾದವು. ಜಿಲ್ಲೆಯ ಕಚೇರಿಗಳಲ್ಲಿಯೂ ಬಾಡಿಗೆಯ ಸ್ಟ್ಯಾಂಡುಗಳಲ್ಲಿಯೂ ನೆಲೆಯೂರಿದ್ದು ಕಲ್ಕತ್ತೆಯ ಬಳಿಯ ಉತ್ತರಪಾಡಾದ ಕಾರ್ಖಾನೆಯಲ್ಲಿ ತಯಾರಾದ ಅಂಬಾಸಿಡರು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ೧೯೫೯ರಿಂದ ಅಂಬಾಸಿಡರಿಗೆ ಅಳವಡಿಸಿದ ೧೪೮೯ ಸಿ.ಸಿ. ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಗೆ ಸೇರಿದುದು. ೧೯೫೩ರ ಎಂ.ಜಿ. ಮ್ಯಾಗ್ನೆಟ್ಟಿನಲ್ಲಿಯೂ ೧೯೫೫ರ ಎಂ.ಜಿ.ಎ. ಕಾರಿನಲ್ಲಿಯೂ ಇದ್ದುದು ಅದೇ ಶ್ರೇಣಿಯ, ಅದೇ ಅಳತೆಯ ಎಂಜಿನ್ನು. ಭೇದವಿಷ್ಟೆ: ಅಂಬಾಸಿಡರಿನದಕ್ಕೆ ಎಸ್.ಯು. ಕಾರ್ಬುರೇಟರು ಒಂದು, ಎಂ.ಜಿ. ಕಾರುಗಳದಕ್ಕೆ ಎರಡು. ಇಂದು ಹವ್ಯಾಸಿಗಳು ಆದರದಿಂದ ಕಾಯ್ದುಕೊಳ್ಳುವ ಕ್ರೀಡಾವಾಹನದ ಎಂಜಿನ್ನು ತಾಲ್ಲೂಕು ಕಚೇರಿಯ ಜೀಪಿನ ಪಕ್ಕದಲ್ಲಿ ನಿಲ್ಲುತ್ತಿದ್ದ ಕಾರಿನ ಎಂಜಿನ್ನಿಗೆ ಒಡಹುಟ್ಟು. ಆದುದರಿಂದ ಅಂಬಾಸಿಡರಿನ ಸ್ಲೋ ಕೂಡಿಸಲು ಬಲ್ಲ ಊರಿನ ಮೆಕ್ಯಾನಿಕ್ಕನು ಎಂ.ಜಿ. ಕಾರಿನ ವಿದ್ಯೆಯಲ್ಲಿ ಅರ್ಧವನ್ನು ಆಗಲೇ ಬಲ್ಲವನಾಗಿದ್ದನು. ಉಳಿದ ಅರ್ಧವೇನೆಂಬುದೇ ಮುಂದಿನ ವಿಚಾರ.

೩

ಪೆಟ್ರೋಲನ್ನು ಗಾಳಿಯಲ್ಲಿ ಸಣ್ಣ ಹನಿಗಳಾಗಿ ಬೆರೆಸಿ ಎಂಜಿನ್ನಿಗೆ ಕೊಡುವುದು ಕಾರ್ಬುರೇಟರಿನ ಕೆಲಸ. ಎಸ್.ಯು. ಎಂಬ ಹೆಸರು ‘ಸ್ಕಿನ್ನರ್ಸ್ ಯೂನಿಯನ್’ ಎಂಬುದರ ಸಂಕ್ಷೇಪ. ಪಾದರಕ್ಷೆಯ ವ್ಯಾಪಾರದ ಮನೆತನಕ್ಕೆ ಸೇರಿದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಇಂಗ್ಲೆಂಡಿನಲ್ಲಿ ಇದನ್ನು ರೂಪಿಸಿದನು. ೧೯೧೦ರಲ್ಲಿ ಕಂಪನಿ ಸ್ಥಾಪಿತವಾಯಿತು. ೧೯೨೬ರಲ್ಲಿ ಅದು ಮಾರಿಸ್ ಕಾರುಗಳ ಒಡೆಯನಾದ ವಿಲಿಯಂ ಮಾರಿಸನ ವಶಕ್ಕೆ ಬಂದಿತು. ಮೊದಮೊದಲು ಇದರಲ್ಲಿ ಚರ್ಮದ ತಿದಿಯೊಂದಿತ್ತು. ಆಮೇಲೆ ಅದರ ಸ್ಥಾನಕ್ಕೆ ಲೋಹದ ಪಿಸ್ಟನ್ನು ಬಂದಿತು.

ಇದರ ರಚನೆ ಸರಳ. ಗಂಟೆಯಾಕಾರದ ಒಂದು ಕೋಶ. ಅದರೊಳಗೆ ಮೇಲಕ್ಕೂ ಕೆಳಕ್ಕೂ ಸರಿಯುವ ಪಿಸ್ಟನ್ನು. ಪಿಸ್ಟನ್ನಿನ ಅಡಿಯಲ್ಲಿ ಕೆಳಗೆ ಸಣ್ಣಗಾಗುತ್ತ ಹೋಗುವ ಸೂಜಿ. ಆ ಸೂಜಿ ಇಳಿಯುವ ಜೆಟ್ಟು. ಎಂಜಿನ್ನು ಹೆಚ್ಚು ಗಾಳಿಯನ್ನು ಎಳೆದಂತೆ ಪಿಸ್ಟನ್ನು ಮೇಲೇರುತ್ತದೆ. ಸೂಜಿಯ ಸಣ್ಣ ಭಾಗ ಜೆಟ್ಟಿಗೆ ಬಂದು ಹೆಚ್ಚು ಪೆಟ್ರೋಲು ಹೊರಡುತ್ತದೆ. ಸೋಲೆಕ್ಸ್ ಮೊದಲಾದ ಬೇರೆ ಜಾತಿಯ ಕಾರ್ಬುರೇಟರುಗಳಲ್ಲಿ ನಿಂತ ಓಟಕ್ಕೆಂದೇ ಪ್ರತ್ಯೇಕವಾದ ಸಣ್ಣ ಜೆಟ್ಟು ಇರುತ್ತದೆ. ಆ ಕಾಲದ ಎಸ್.ಯು.ವಿನಲ್ಲಿ ಅಂಥ ಪ್ರತ್ಯೇಕ ಮಾರ್ಗವಿಲ್ಲ. ಒಂದೇ ಸೂಜಿ, ಒಂದೇ ಜೆಟ್ಟು ನಿಂತ ಓಟಕ್ಕೂ ಪೂರ್ಣ ವೇಗಕ್ಕೂ ದುಡಿಯಬೇಕು. ಸೂಜಿ ಜೆಟ್ಟಿನ ನಡುವೆ ನೇರವಾಗಿ ಇಳಿಯದೆ ಒಂದು ಪಕ್ಕಕ್ಕೆ ಉಜ್ಜಿದರೆ, ಅಥವಾ ಪಿಸ್ಟನ್ನು ಸಲೀಸಾಗಿ ಸರಿಯದಿದ್ದರೆ, ಅದರ ಫಲವು ಮೊಟ್ಟಮೊದಲು ನಿಂತ ಓಟದಲ್ಲಿ ಕಾಣುವುದು ಇದರಿಂದಲೇ.

‘ಬಿ’ ಶ್ರೇಣಿಯ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಗಾಳಿ ಒಳಹೋಗುವ ದ್ವಾರಗಳು ಎರಡೇ. ೧, ೨ನೆಯ ಸಿಲಿಂಡರುಗಳಿಗೆ ಒಂದು. ೩, ೪ನೆಯವಕ್ಕೆ ಇನ್ನೊಂದು. ಜೋಡಿ ಕಾರ್ಬುರೇಟರಿನ ಏರ್ಪಾಡಿನಲ್ಲಿ ಮುಂದಿನ ಕಾರ್ಬುರೇಟರು ಮುಖ್ಯವಾಗಿ ಮೊದಲ ಜೋಡಿಯನ್ನೂ ಹಿಂದಿನದು ಎರಡನೆಯ ಜೋಡಿಯನ್ನೂ ಪೋಷಿಸುತ್ತವೆ. ನಡುವೆ ಎರಡನ್ನೂ ಕೂಡಿಸುವ ಸಮತೋಲದ ಕೊಳವೆಯಿರುತ್ತದೆ. ಒಂದು ಮನೆಗೆ ಎರಡು ಒಲೆಗಳಿದ್ದಂತೆ: ಒಂದರ ಉರಿ ತಗ್ಗಿದರೆ ಅರ್ಧ ಅಡುಗೆ ಕೆಡುತ್ತದೆ. ಈ ಜೋಡಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೋಷವನ್ನು ಹುಡುಕುವ ಕ್ರಮವು ತಾನಾಗಿಯೇ ಸ್ಪಷ್ಟವಾಗುತ್ತದೆ.

೪

ನಿಂತ ಓಟದಲ್ಲಿ ಎಂಜಿನ್ನು ನಿಮಿಷಕ್ಕೆ ಸುಮಾರು ೮೦೦ ಸುತ್ತು ತಿರುಗುತ್ತದೆಂದು ಇಟ್ಟುಕೊಂಡರೆ, ಪ್ರತಿಯೊಂದು ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುವುದರಿಂದ ನಿಮಿಷಕ್ಕೆ ೪೦೦ ಸಲ ಉರಿಯಬೇಕು. ಇವುಗಳಲ್ಲಿ ಕೆಲವು ತಪ್ಪಿದರೂ ವೇಗದಲ್ಲಿ ಹೋಗುವಾಗ ತಿಳಿಯದು. ನಿಂತಾಗ ಇಡೀ ವಾಹನವೇ ನಡುಗುತ್ತದೆ. ಆದುದರಿಂದ ಮೊದಲ ಪ್ರಶ್ನೆ ‘ಯಾವ ಸಿಲಿಂಡರು ತಪ್ಪುತ್ತಿದೆ?’ ಎಂಬುದು. ಎಂಜಿನ್ನು ಚೆನ್ನಾಗಿ ಕಾದ ಮೇಲೆ ಪ್ಲಗ್ಗುಗಳ ವೈರುಗಳನ್ನು ಶಾಕು ಹೊಡೆಯದಂತೆ ಎಚ್ಚರದಿಂದ ಒಂದೊಂದಾಗಿ ಬಿಡಿಸಿ ನೋಡಬೇಕು. ಸರಿಯಾಗಿ ಉರಿಯುತ್ತಿರುವ ಸಿಲಿಂಡರಿನ ವೈರು ಬಿಡಿಸಿದರೆ ಓಟ ಇನ್ನೂ ಕೆಡುತ್ತದೆ. ಆಗಲೇ ಸತ್ತಂತಿರುವ ಸಿಲಿಂಡರಿನದಾದರೆ ಯಾವ ಭೇದವೂ ಆಗದು.

ಈ ಪರೀಕ್ಷೆಯ ಫಲವನ್ನು ಹೀಗೆ ವಿಂಗಡಿಸಬಹುದು. ಒಂದೇ ಸಿಲಿಂಡರು ದುರ್ಬಲವಾಗಿದ್ದರೆ ದೋಷವು ಅದರ ಪ್ಲಗ್ಗು, ವೈರು ಅಥವಾ ವಾಲ್ವಿನಲ್ಲಿರುವ ಸಂಭವ ಹೆಚ್ಚು. ಕಾರ್ಬುರೇಟರು ಎರಡೆರಡು ಸಿಲಿಂಡರುಗಳನ್ನು ಪೋಷಿಸುವುದರಿಂದ ಒಂದನ್ನು ಮಾತ್ರ ಕೆಡಿಸುವುದು ಅಪರೂಪ. ೧, ೨ ಕೂಡಿ ಅಥವಾ ೩, ೪ ಕೂಡಿ ದುರ್ಬಲವಾಗಿದ್ದರೆ ಆ ಪಕ್ಕದ ಕಾರ್ಬುರೇಟರನ್ನೋ ಅದರ ಗ್ಯಾಸ್ಕೆಟ್ಟನ್ನೋ ಸಂಶಯಿಸಬೇಕು. ೨, ೩ ಕೂಡಿ ದುರ್ಬಲವಾಗಿದ್ದರೆ, ಅವು ಬೇರೆ ಬೇರೆ ಕಾರ್ಬುರೇಟರುಗಳಿಗೆ ಸೇರಿದ ನೆರೆಯ ಸಿಲಿಂಡರುಗಳಾದುದರಿಂದ, ಅವುಗಳ ನಡುವೆ ಹೆಡ್ಡಿನ ಗ್ಯಾಸ್ಕೆಟ್ಟು ಒಡೆದಿರುವುದನ್ನು ನೋಡಬೇಕು. ನಾಲ್ಕೂ ಒಂದೇ ತೆರನಾಗಿ ತಪ್ಪುತ್ತಿದ್ದರೆ ಎಲ್ಲಕ್ಕೂ ಸಮಾನವಾದ ಕಾರಣವನ್ನು, ಅಂದರೆ ಪಾಯಿಂಟು, ಕಂಡೆನ್ಸರು, ಟೈಮಿಂಗು, ಇಂಧನ ಇವುಗಳನ್ನು ವಿಚಾರಿಸಬೇಕು. ಒಂದು ತಿರುಪನ್ನೂ ಮುಟ್ಟುವ ಮೊದಲೇ ದೋಷದ ನೆಲೆ ಇಷ್ಟುಮಟ್ಟಿಗೆ ಗೊತ್ತಾಗುತ್ತದೆ.

ಆಮೇಲೆ ಕ್ರಮವಾಗಿ ಮೂರು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಬೇಕು. ಮೊದಲನೆಯದು ಕಿಡಿ: ಪ್ಲಗ್ಗಿನ ಸಂದು, ಪಾಯಿಂಟಿನ ಸಂದು, ಡಿಸ್ಟ್ರಿಬ್ಯೂಟರಿನ ದಂಡದ ಸವೆತ, ಟೈಮಿಂಗು. ಎರಡನೆಯದು ಒತ್ತಡ: ಟ್ಯಾಪೆಟ್ಟುಗಳ ಸಂದು ಮತ್ತು ವಾಲ್ವುಗಳ ಕೂಡುವಿಕೆ. ಈ ವಿಷಯದಲ್ಲಿಯೂ ಚರಿತ್ರೆಯ ಪಾತ್ರವಿದೆ. ಸೀಸ ಬೆರೆತ ಪೆಟ್ರೋಲು ಆ ಕಾಲದ ವಾಲ್ವಿನ ಪೀಠಗಳನ್ನು ಸವೆಯದಂತೆ ಕಾಪಾಡುತ್ತಿತ್ತು. ೨೦೦೦ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದಿತು. ಜನರ ಆರೋಗ್ಯದ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಒಳ್ಳೆಯದಾಯಿತು. ಆದರೆ ಗಟ್ಟಿ ಪೀಠಗಳನ್ನು ಹಾಕಿಸದ ಹಳೆಯ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಪೀಠ ಸವೆದು, ಟ್ಯಾಪೆಟ್ಟಿನ ಸಂದು ಮುಚ್ಚಿ, ವಾಲ್ವು ಪೂರ್ತಿ ಕೂಡದೆ ಹೋಗುವುದುಂಟು. ಹೊರಗಿನಿಂದ ನೋಡುವವನಿಗೆ ಇದೂ ಕಾರ್ಬುರೇಟರಿನ ದೋಷದಂತೆಯೇ ತೋರುತ್ತದೆ.

ಮೂರನೆಯದು ಕಳ್ಳಗಾಳಿ. ನಿಂತ ಓಟದಲ್ಲಿ ಥ್ರಾಟಲಿನ ಬಾಗಿಲು ಬಹುಮಟ್ಟಿಗೆ ಮುಚ್ಚಿರುವುದರಿಂದ ಎಂಜಿನ್ನು ಎಳೆಯುವ ಗಾಳಿ ಬಹಳ ಕಡಮೆ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಅಥವಾ ಸವೆದ ಥ್ರಾಟಲ್ ಸ್ಪಿಂಡಲಿನ ಪಕ್ಕದಲ್ಲಿ ಸೂಕ್ಷ್ಮವಾದ ಬಿರುಕಿದ್ದರೂ ಅದರಿಂದ ನುಸುಳುವ ಗಾಳಿ ಒಟ್ಟು ಗಾಳಿಯಲ್ಲಿ ದೊಡ್ಡ ಪಾಲಾಗುತ್ತದೆ. ಮಿಶ್ರಣ ತೆಳುವಾಗಿ ಆ ಪಕ್ಕದ ಜೋಡಿ ತಪ್ಪುತ್ತದೆ. ಅದೇ ಬಿರುಕು ವೇಗದಲ್ಲಿ ಲೆಕ್ಕಕ್ಕೆ ಬಾರದು. ಜೋಡಿ ಕಾರ್ಬುರೇಟರಿನಲ್ಲಿ ಸ್ಪಿಂಡಲುಗಳೂ ಗ್ಯಾಸ್ಕೆಟ್ಟುಗಳೂ ಎರಡೆರಡಾಗಿರುವುದರಿಂದ ಕಳ್ಳಗಾಳಿಯ ದಾರಿಗಳೂ ಇಮ್ಮಡಿಯಾಗಿವೆ. ಇದನ್ನು ಮುಚ್ಚದೆ ಜೆಟ್ಟನ್ನು ಇಳಿಸಿ ಪೆಟ್ರೋಲು ಹೆಚ್ಚಿಸಿದರೆ ನಿಂತ ಓಟ ಆ ಹೊತ್ತಿಗೆ ಸುಧಾರಿಸಿದಂತೆ ಕಂಡರೂ ವೇಗದಲ್ಲಿ ಮಿಶ್ರಣ ಗಾಢವಾಗಿ ಪ್ಲಗ್ಗುಗಳು ಕಪ್ಪಾಗುತ್ತವೆ.

೫

ಇಷ್ಟಾದ ಮೇಲೆ ಮಾತ್ರ ಕಾರ್ಬುರೇಟರಿನ ಸರದಿ. ಮೊದಲು ಗಂಟೆಗಳನ್ನು ಬಿಚ್ಚಿ ಒಳಗನ್ನು ಶುಚಿಮಾಡಿ, ಕೂಡಿಸಿದ ಬಳಿಕ ಪಿಸ್ಟನ್ನನ್ನು ಎತ್ತಿ ಬಿಡಬೇಕು. ಅದು ಅಡ್ಡಿಯಿಲ್ಲದೆ ಇಳಿದು ತಳಕ್ಕೆ ತಾಗಿದ ಸದ್ದು ಕೇಳಬೇಕು. ಕೇಳದಿದ್ದರೆ ಜೆಟ್ಟನ್ನು ಮಧ್ಯಕ್ಕೆ ಸರಿಪಡಿಸಬೇಕು. ಒಂದು ಕಾರ್ಬುರೇಟರಿನ ಗಂಟೆಯನ್ನಾಗಲಿ ಪಿಸ್ಟನ್ನನ್ನಾಗಲಿ ಇನ್ನೊಂದಕ್ಕೆ ಬದಲಿಸಕೂಡದು. ಅವು ಒಂದಕ್ಕೊಂದು ಹೊಂದಿಸಿ ತಯಾರಿಸಿದವು. ಡ್ಯಾಷ್‌ಪಾಟಿನ ಎಣ್ಣೆಯನ್ನೂ ಫ್ಲೋಟಿನ ಮಟ್ಟವನ್ನೂ ನೋಡಿಕೊಳ್ಳಬೇಕು.

ಬಳಿಕ ಎರಡು ಥ್ರಾಟಲುಗಳನ್ನು ಕೂಡಿಸುವ ಕೊಂಡಿಯನ್ನು ಸಡಿಲಿಸಿ, ಎರಡೂ ಬಾಗಿಲುಗಳನ್ನು ಸ್ವತಂತ್ರಗೊಳಿಸಬೇಕು. ಪ್ರತಿಯೊಂದರ ಸ್ಲೋ ಸ್ಕ್ರೂವನ್ನು ಪೂರ್ತಿ ಸಡಿಲಿಸಿ, ತಾಗುವವರೆಗೆ ತಂದು, ಸುಮಾರು ಒಂದೂವರೆ ಸುತ್ತು ಬಿಗಿಯಬೇಕು. ಎಂಜಿನ್ನನ್ನು ಚಾಲೂ ಮಾಡಿ, ಸಣ್ಣ ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೂ ಹಿಡಿದು, ಗಾಳಿಯ ‘ಸುಯ್’ ಎನ್ನುವ ಸದ್ದನ್ನು ಎರಡರಲ್ಲಿಯೂ ಹೋಲಿಸಬೇಕು. ಎರಡು ಸದ್ದುಗಳೂ ಸಮನಾಗುವವರೆಗೆ ಸ್ಲೋ ಸ್ಕ್ರೂಗಳನ್ನು ತಿದ್ದಬೇಕು. ಅಂಬಾಸಿಡರಿನ ಮೆಕ್ಯಾನಿಕ್ಕನಿಗೆ ಬೇಕಾಗಿರದಿದ್ದ ಆ ಉಳಿದ ಅರ್ಧ ವಿದ್ಯೆ ಇದೇ.

ಮೂರನೆಯ ಹಂತ ಮಿಶ್ರಣ. ಜೆಟ್ಟಿನ ನಟ್ಟನ್ನು ಪೂರ್ತಿ ಮೇಲಕ್ಕೆ ತಂದು, ಎರಡು ಸುತ್ತು ಕೆಳಗಿಳಿಸುವುದು ವಾಡಿಕೆಯ ಆರಂಭ. ಆಮೇಲೆ ಒಂದು ಕಾರ್ಬುರೇಟರಿನ ಪಿಸ್ಟನ್ನನ್ನು ಮಿಲಿಮೀಟರಿಗಿಂತ ಹೆಚ್ಚಿಲ್ಲದಷ್ಟು ಎತ್ತಿ ಎಂಜಿನ್ನಿನ ಉತ್ತರವನ್ನು ಕೇಳಬೇಕು. ವೇಗ ಏರಿ ಹಾಗೆಯೇ ನಿಂತರೆ ಮಿಶ್ರಣ ಗಾಢ. ಒಡನೆಯೇ ತಗ್ಗಿದರೆ ತೆಳು. ಕ್ಷಣಮಾತ್ರ ತುಸು ಏರಿ ಮೊದಲಿನಂತಾದರೆ ಸರಿ. ಒಂದರ ತಿದ್ದುಪಾಟು ಸಮತೋಲದ ಕೊಳವೆಯ ಮೂಲಕ ಇನ್ನೊಂದಕ್ಕೂ ಮುಟ್ಟುವುದರಿಂದ ಎರಡನ್ನೂ ಮತ್ತೆ ಮತ್ತೆ ಪರೀಕ್ಷಿಸಬೇಕು. ಸೈಲೆನ್ಸರಿನ ಸದ್ದು ಇದಕ್ಕೆ ಸಾಕ್ಷಿ: ತಾಳಬದ್ಧವಾಗಿ ತಪ್ಪುತ್ತ ಕಪ್ಪು ಹೊಗೆ ಬಂದರೆ ಗಾಢ, ತಾಳವಿಲ್ಲದೆ ಚಿಮ್ಮುವಂತೆ ತಪ್ಪುತ್ತ ಹೊಗೆಗೆ ಬಣ್ಣವಿಲ್ಲದಿದ್ದರೆ ತೆಳು. ಕಡೆಯಲ್ಲಿ ಎರಡು ಥ್ರಾಟಲುಗಳೂ ಒಂದೇ ಕ್ಷಣದಲ್ಲಿ ತೆರೆಯುವಂತೆ ಕೊಂಡಿಯನ್ನು ಬಿಗಿಯಬೇಕು. ಈ ಮೂರು ಹಂತಗಳನ್ನು ಹಿಂದುಮುಂದಾಗಿ ಮಾಡಿದವನಿಗೆ ದಿನವಿಡೀ ದುಡಿದರೂ ಫಲ ದೊರೆಯದು. ಗಾಳಿ ಸಮನಾಗದೆ ಮಿಶ್ರಣವನ್ನು ಅಳೆಯಲು ಬರುವುದಿಲ್ಲ.

೬

ಇನ್ನು ನಮ್ಮ ಸೀಮೆಯ ವಿಶೇಷಗಳನ್ನು ವಿಚಾರಿಸೋಣ. ಎರೆಮಣ್ಣು ಒಣಗಿದಾಗ ಹಿಟ್ಟಿನಂತೆ ನುಣುಪಾಗಿ ಏಳುತ್ತದೆ. ಜಾಲರಿಯ ಫಿಲ್ಟರನ್ನು ಎಣ್ಣೆ ಹಚ್ಚದೆ ಬಿಟ್ಟರೆ ಈ ಧೂಳು ಗಂಟೆಗೂ ಪಿಸ್ಟನ್ನಿಗೂ ನಡುವಣ ಕೂದಲೆಳೆಯ ಸಂದಿನಲ್ಲಿ ಕುಳಿತು ಪಿಸ್ಟನ್ನನ್ನು ತಡೆಯುತ್ತದೆ; ಸ್ಪಿಂಡಲುಗಳ ರಂಧ್ರಗಳನ್ನು ಸವೆಸಿ ಕಳ್ಳಗಾಳಿಗೆ ದಾರಿಮಾಡುತ್ತದೆ. ಎರಡು ಕಾರ್ಬುರೇಟರುಗಳು ಒಂದೇ ಪ್ರಮಾಣದಲ್ಲಿ ಸವೆಯುವುದಿಲ್ಲವಾದುದರಿಂದ ಸಮತೋಲ ಕ್ರಮೇಣ ತಪ್ಪುತ್ತದೆ.

ಬಿಸಿಲಿನ ಪ್ರಭಾವ ಬೇರೆ ಬಗೆಯದು. ‘ಬಿ’ ಶ್ರೇಣಿಯ ಎಂಜಿನ್ನಿನಲ್ಲಿ ಕಾರ್ಬುರೇಟರುಗಳೂ ಎಕ್ಸಾಸ್ಟಿನ ಮ್ಯಾನಿಫೋಲ್ಡೂ ಒಂದೇ ಪಕ್ಕದಲ್ಲಿವೆ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಜೇವರ್ಗಿಯ ದಾರಿಯಲ್ಲಿ ವಾಹನ ನಿಂತರೆ, ಕೆಳಗಿನಿಂದ ಏರುವ ಕಾವಿಗೆ ಫ್ಲೋಟಿನ ಬಟ್ಟಲಿನ ಪೆಟ್ರೋಲು ಕುದಿಯತೊಡಗಿ ನಿಂತ ಓಟ ಕೆಡುತ್ತದೆ. ಬೆಳಗಿನ ತಂಪಿನಲ್ಲಿ ಚೆನ್ನಾಗಿದ್ದು ಮಧ್ಯಾಹ್ನ ನಿಂತಾಗ ಮಾತ್ರ ಕುಂಟುವ ಎಂಜಿನ್ನಿಗೆ ಬೇಕಾದುದು ಕಾವನ್ನು ತಡೆಯುವ ತಗಡು. ತಿರುಪಿನಿಂದ ಅದು ಗುಣವಾಗದು.

ಮೂರನೆಯದು ಕಬ್ಬು. ಆಳಂದ ತಾಲ್ಲೂಕಿನ ಭೂಸನೂರ, ಅಫಜಲಪುರ ತಾಲ್ಲೂಕಿನ ಹವಳಗಾ, ಹಳೆಯ ಜೇವರ್ಗಿ ತಾಲ್ಲೂಕಿನ ಮಳ್ಳಿ ನಾಗರಹಳ್ಳಿ ಈ ಮೂರು ಕಡೆಗಳಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದಿವೆ. ಕಬ್ಬಿನ ರಸದಿಂದಲೂ ಕಾಕಂಬಿಯಿಂದಲೂ ತಯಾರಾಗುವ ಎಥೆನಾಲನ್ನು ಪೆಟ್ರೋಲಿಗೆ ಬೆರೆಸುವ ಆಲೋಚನೆ ಹೊಸದಲ್ಲ. ೧೯೪೮ರಲ್ಲಿಯೇ ಭಾರತದಲ್ಲಿ ಪವರ್ ಆಲ್ಕೊಹಾಲಿನ ಕಾಯಿದೆಯೊಂದು ಬಂದಿತ್ತು. ೨೦೦೩ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಶೇ. ೫ರ ಬೆರಕೆ ಆರಂಭವಾಗಿ, ೨೦೨೨ರಲ್ಲಿ ಶೇ. ೧೦ರ ಗುರಿ ತಲುಪಿತು. ಶೇ. ೨೦ರ ಬೆರಕೆಯ ಪೆಟ್ರೋಲನ್ನು ೨೦೨೩ರ ಫೆಬ್ರವರಿ ೬ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮುಂದಿನ ಎರಡು ವರ್ಷಗಳಲ್ಲಿ ಅದು ದೇಶದಲ್ಲೆಲ್ಲ ಹರಡಿತು.

ಕಬ್ಬು ಬೆಳೆಗಾರನಿಗೆ ಇದರಿಂದ ಪೇಟೆ ವಿಸ್ತಾರವಾಯಿತು. ಹಳೆಯ ಕಾರ್ಬುರೇಟರಿಗೆ ಹೊಸ ಪ್ರಶ್ನೆ ಎದುರಾಯಿತು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿ ಬೇಕು; ಎಥೆನಾಲಿಗೆ ೯ ಪಾಲು ಸಾಕು, ಏಕೆಂದರೆ ಅದರಲ್ಲಿಯೇ ಆಮ್ಲಜನಕವಿದೆ. ಶೇ. ೨೦ರ ಬೆರಕೆಗೆ ಬೇಕಾಗುವುದು ಸುಮಾರು ೧೩.೫ ಪಾಲು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲಿ ಹೊಸ ಇಂಧನ ಹರಿದಾಗ ಮಿಶ್ರಣ ತೆಳುವಾಗುವುದು ಇದರಿಂದ ಸಿದ್ಧವಾಗುತ್ತದೆ. ತೆಳುವಾದ ಮಿಶ್ರಣದ ಮೊದಲ ಚಿಹ್ನೆಯೇ ಕುಂಟು ಓಟ. ಇದಲ್ಲದೆ ಎಥೆನಾಲು ತೇವವನ್ನು ಹೀರುತ್ತದೆ. ಹಳೆಯ ರಬ್ಬರು ಕೊಳವೆಗಳನ್ನೂ ಆ ಕಾಲದ ಎಸ್.ಯು. ಜೆಟ್ಟುಗಳಿಗೆ ಹಾಕುತ್ತಿದ್ದ ಬೆಂಡಿನ ಬಿರಡೆಗಳನ್ನೂ ಕೆಡಿಸಬಲ್ಲದು. ತಿಂಗಳುಗಟ್ಟಲೆ ನಿಂತೇ ಇರುವ ಸಂಗ್ರಹದ ಕಾರುಗಳಿಗೆ ಈ ಅಪಾಯ ಹೆಚ್ಚು.

ಜೆಟ್ಟಿನ ನಟ್ಟನ್ನು ಎರಡು ಸುತ್ತು ಇಳಿಸಬೇಕೆಂಬ ಕೈಪಿಡಿಯ ಮಾತು ಸುಳ್ಳಲ್ಲ. ಅದು ಆ ವರ್ಷಗಳ ಪೆಟ್ರೋಲನ್ನು ಕುರಿತ ಸತ್ಯ. ಶಾಸನವನ್ನು ಓದುವವನು ಅದರ ಕಾಲವನ್ನು ಮೊದಲು ನಿರ್ಣಯಿಸುವಂತೆ, ಕೈಪಿಡಿಯನ್ನು ಓದುವವನೂ ಅದು ಯಾವ ಇಂಧನದ ಕಾಲದ್ದೆಂಬುದನ್ನು ಮೊದಲು ತಿಳಿಯಬೇಕು. ಪಿಸ್ಟನ್ನನ್ನು ಎತ್ತಿ ನೋಡುವ ಪರೀಕ್ಷೆ ಮಾತ್ರ ಯಾವ ಇಂಧನಕ್ಕೂ ಸಲ್ಲುತ್ತದೆ, ಏಕೆಂದರೆ ಅದು ಅಂಕಿಯನ್ನು ಅವಲಂಬಿಸದೆ ಎಂಜಿನ್ನನ್ನೇ ಕೇಳುತ್ತದೆ.

೭

೨೦೦೦ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗಿ ಹೊಸ ಕಾರುಗಳಿಂದ ಕಾರ್ಬುರೇಟರು ಮರೆಯಾಯಿತು. ಇಂಧನವನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಪದ್ಧತಿ ಅದರ ಸ್ಥಾನವನ್ನು ಪಡೆಯಿತು. ೨೦೧೪ರಲ್ಲಿ ಅಂಬಾಸಿಡರಿನ ತಯಾರಿಕೆಯೂ ನಿಂತಿತು. ಇದರೊಡನೆ ರಬ್ಬರು ಕೊಳವೆಯನ್ನು ಕಿವಿಗೆ ಹಿಡಿದು ಎರಡು ಉಸಿರುಗಳನ್ನು ಸಮಗೊಳಿಸಬಲ್ಲ ಮೆಕ್ಯಾನಿಕ್ಕುಗಳಿಗೆ ಶಿಷ್ಯರು ದೊರೆಯುವುದೂ ನಿಂತುಹೋಗುತ್ತಿದೆ. ಧರ್ಮಸ್ಥಳದ ಕಾರುಗಳ ಸಂಗ್ರಹಾಲಯದಂಥ ಸಂಸ್ಥೆಗಳಿಂದ ವಾಹನಗಳ ರೂಪವು ಉಳಿದಿದೆ. ಅವುಗಳ ನಡೆ ಉಳಿಯಬೇಕಾದರೆ ಈ ವಿದ್ಯೆಯೂ ಉಳಿಯಬೇಕು.

ಇದುವರೆಗಿನ ವಿಚಾರದಿಂದ ಮೂರು ಸಂಗತಿಗಳು ಸ್ಥಿರಪಡುತ್ತವೆ. ಮೊದಲನೆಯದಾಗಿ, ಜೋಡಿ ಕಾರ್ಬುರೇಟರಿನ ಕುಂಟು ಓಟಕ್ಕೆ ಕಾರ್ಬುರೇಟರನ್ನು ಹೊಣೆಮಾಡುವ ಮೊದಲು ಕಿಡಿ, ಒತ್ತಡ, ಕಳ್ಳಗಾಳಿ ಇವುಗಳನ್ನು ಈ ಕ್ರಮದಲ್ಲಿಯೇ ಪರೀಕ್ಷಿಸಬೇಕು. ಯಾವ ಸಿಲಿಂಡರುಗಳು ಕೂಡಿ ಕೆಡುತ್ತವೆಂಬುದು ಆ ಪರೀಕ್ಷೆಗೆ ಕೈಮರ. ಎರಡನೆಯದಾಗಿ, ಕಾರ್ಬುರೇಟರುಗಳಲ್ಲಿ ಮೊದಲು ಗಾಳಿಯ ಸಮತೆ, ಆಮೇಲೆ ಮಿಶ್ರಣ. ಮೂರನೆಯದಾಗಿ, ಅಳತೆಗಳು ಕಾಲಬದ್ಧ. ಕ್ರಮವು ಅಷ್ಟಾಗಿ ಕಾಲಬದ್ಧವಲ್ಲ. ಅಂಬಾಸಿಡರಿನ ಎಂಜಿನ್ನಿನ ಮೇಲೆ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್ಕುಗಳು ಜಿಲ್ಲೆಯ ಪಟ್ಟಣಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರ ಮಾತನ್ನೂ ಅವರು ಬಳಸುವ ಪದಗಳನ್ನೂ, ಬೇಸಾಯದ ಮತ್ತು ನೇಕಾರಿಕೆಯ ಪದಗಳನ್ನು ನಮ್ಮ ವಿದ್ವಾಂಸರು ಸಂಗ್ರಹಿಸಿದಂತೆಯೇ, ಬರೆದಿಟ್ಟುಕೊಳ್ಳುವ ಕಾರ್ಯವು ವಿಳಂಬವಿಲ್ಲದೆ ನಡೆಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ.